ಪೊಟ್ಟಣದ ಹಿಂಬದಿ ಓದುತ್ತಿದ್ದವರು

ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದಿದೆ. ಕಳೆದ ತಿಂಗಳು ನಾನು ಮೊದಲ ಸಲ ಅದರೊಳಗೆ ಹೋದೆ. ಸೊಸೆ ಮನೆಯ ಹಾಲಿನಲ್ಲಿ ಗಾಜಿನ ತೊಟ್ಟಿ ಇಡಿಸಿ ಸಿಕ್ಲಿಡ್ ಎಂಬ ಜಾತಿಯ ಎಂಟು ಮೀನು ಬಿಟ್ಟಿದ್ದಾಳೆ. ಅವುಗಳ ಆಹಾರ ಮುಗಿದಿತ್ತು. ನಿವೃತ್ತನಾದವನ ಪಾಲಿಗೆ ಬರುವುದು ಇಂಥ ಕೆಲಸಗಳೇ. ಸಿಕ್ಲಿಡ್ ಆಹಾರ ಬೇಕೆಂದು ಹೇಳಿ, ಎದುರಿಗೆ ಕಂಡ ಬಂಗಾರದ ಬಣ್ಣದ ದೊಡ್ಡ ಪೊಟ್ಟಣವೊಂದನ್ನು ಎತ್ತಿಕೊಂಡೆ. ಅಂಗಡಿಯ ಹೆಣ್ಣುಮಗಳು ಕುರ್ಚಿಯಿಂದೆದ್ದು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಅದು ಬ್ಯಾಡ್ರಿ. ಯಾವ ಸಿಕ್ಲಿಡ್ ಅದಾವ ನಿಮ್ಮಲ್ಲಿ? ಹಳದಿ, ನೀಲಿ, ಕಲ್ಲಿನ ಸಂದ್ಯಾಗ ಅಡ್ಡಾಡೋವಾ?”

ಹೌದೆಂದೆ.

“ಅವು ಕಲ್ಲಿನ ಮ್ಯಾಲಿನ ಪಾಚಿ ಕೆರದು ತಿನ್ನೋ ಜಾತಿ. ಅವಕ್ಕ ಇದು ತಗೋರಿ.”

ಇನ್ನೊಂದು ಸಣ್ಣ ಪೊಟ್ಟಣವನ್ನು ಇಳಿಸಿ, ಕೈಗೆ ಕೊಡುವ ಮೊದಲು ತಿರುಗಿಸಿ, ಹಿಂಬದಿಯ ಚಿಕ್ಕ ಅಕ್ಷರಗಳ ಕೆಳಗೆ ತೋರುಬೆರಳಿನ ಉಗುರು ಎಳೆಯುತ್ತ ಓದತೊಡಗಿದಳು. ಹಾಗೆ ಓದುವವರನ್ನು ನನ್ನ ಜೀವಮಾನದಲ್ಲಿ ಒಬ್ಬರನ್ನೇ ನೋಡಿದ್ದೆ.

“ಹಿಂಗ ಓದೋದು ಯಾರು ಕಲಿಸಿದ್ರಮ್ಮ?”

“ಕಾಲೇಜಿನ್ಯಾಗ ಜುವಾಲಜಿ ಮೇಡಂ.” ಅವಳು ಈಗ ನನ್ನ ಮುಖವನ್ನು ಸರಿಯಾಗಿ ನೋಡಿದಳು. “ನೀವು ಕೆಮಿಸ್ಟ್ರಿ ಸರ್ ಅಲ್ಲೇನ್ರಿ? ಮೇಡಂ ತೀರಿಕೊಂಡು ಎರಡು ತಿಂಗಳಾತು. ನಿಮಗ ಯಾರೂ ಹೇಳ್ಲಿಲ್ಲೇನು?”

ಯಾರೂ ಹೇಳಿರಲಿಲ್ಲ. ನನಗೆ ಹೇಳಬೇಕು ಎಂದು ಯಾರಿಗಾದರೂ ಅನ್ನಿಸಲು ಕಾರಣವೂ ಇರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿಂದೊಮ್ಮೆ ಒಂದು ಸಭೆಯಲ್ಲಿ ನನ್ನ ಹೆಸರೂ ಅವರ ಹೆಸರೂ ಒಟ್ಟಿಗೆ ಬಂದು ಆದದ್ದೇ ಸಾಕು. ನಾವಿಬ್ಬರೂ ಹೊಸಪೇಟೆಯ ಒಂದು ಖಾಸಗಿ ಮಹಿಳಾ ಕಾಲೇಜಿನಲ್ಲಿ ಹದಿನೆಂಟು ವರ್ಷ ಪಾಠ ಮಾಡಿದೆವು. ನನ್ನದು ರಸಾಯನಶಾಸ್ತ್ರ, ಅವರದು ಪ್ರಾಣಿಶಾಸ್ತ್ರ. ನಮ್ಮ ಲ್ಯಾಬುಗಳ ನಡುವೆ ಒಂದು ಗೋಡೆ ಮಾತ್ರ ಇತ್ತು. ಅವರು ಕಂಪ್ಲಿಯವರು. ಅಪ್ಪ ಹೊಳೆಯಲ್ಲಿ ಹರಿಗೋಲು ಹಾಕಿ ಬಲೆ ಬೀಸಿ ಬದುಕಿದವರು. ಮನೆಯಲ್ಲಿ ಓದಿದವರು ಇವರೊಬ್ಬರೇ. ಮದುವೆಯಾಗಲಿಲ್ಲ. ಎತ್ತರದ ಆಳು, ನೂಲಿನ ಸೀರೆ, ಮೊಣಕೈಯವರೆಗಿನ ತೋಳಿನ ರವಿಕೆ. ತೊಟ್ಟಿಯೊಳಗೆ ಕೈ ಹಾಕಿ ಹಾಕಿ ಬೆರಳ ತುದಿಗಳು ಸದಾ ನೆನೆದು ಬೆಳ್ಳಗಾಗಿರುತ್ತಿದ್ದವು.

ಒಳ್ಳೆಯವರು ಎಂದು ಎಲ್ಲರೂ ಹೊಗಳುವ ಸ್ವಭಾವ ಅವರದಾಗಿರಲಿಲ್ಲ. ನಾಲಿಗೆ ಖಾರ. ಸ್ಟಾಫ್‌ರೂಮಿಗೆ ಯಾರಾದರೂ ಬಿಸ್ಕತ್ತು ತಂದರೆ ಮೊದಲು ಪೊಟ್ಟಣ ತಿರುಗಿಸಿ ಹಿಂಬದಿ ಓದುತ್ತಿದ್ದರು. ಓದಿ ಮುಗಿಸಿ ಕೆಳಗಿಟ್ಟು, “ನೀವು ತಿನ್ರಿ” ಎನ್ನುತ್ತಿದ್ದರು. ತಂದವರಿಗೆ ಆ ಬಿಸ್ಕತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಮ್ಮ ಆಫೀಸಿನ ಸೂಪರಿಂಟೆಂಡೆಂಟರು ಒಮ್ಮೆ ಪ್ರೀತಿಯಿಂದಲೇ ಅವರ ಮೀನುಗಳಿಗೆ ಒಂದು ಹಿಡಿ ಮಂಡಕ್ಕಿ ಎಸೆದುಬಿಟ್ಟರು. ಮೇಡಂ ಲ್ಯಾಬಿನ ಹುಡುಗಿಯರೆಲ್ಲರ ಮುಂದೆ ಕೇಳಿದರು: “ನಿಮ್ಮ ಮನ್ಯಾಗ ಬಂದವರಿಗೆ ಹೊಟ್ಟು ಬಡಸ್ತೀರೇನ್ರಿ?” ಆ ಮನುಷ್ಯ ಮತ್ತೆ ಆ ಲ್ಯಾಬಿನ ಕಡೆ ಸುಳಿಯಲಿಲ್ಲ.

ಲ್ಯಾಬಿನ ಕಿಟಕಿ ಪಕ್ಕ ಎರಡು ದೊಡ್ಡ ತೊಟ್ಟಿಗಳಿದ್ದವು. ಎರಡರಲ್ಲೂ ಆಫ್ರಿಕದ ಸರೋವರದ ಸಿಕ್ಲಿಡ್‌ಗಳು. ಬೇರೆ ಊರಲ್ಲಿ ಇವನ್ನು ಸಾಕುವವರು ನೀರಿಗೆ ಏನೇನೋ ಬೆರೆಸಬೇಕಾಗುತ್ತದಂತೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಅವಕ್ಕೆ ತಾನಾಗಿಯೇ ಒಗ್ಗಿತ್ತು. ಪಾಪಿನಾಯಕನಹಳ್ಳಿ ಕಡೆಯ ಹೊಲದ ಬದುವಿನಿಂದ ಮೇಡಂ ತಾವೇ ಆರಿಸಿ ತಂದ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನೋಡಲು ಹಂಪಿಯ ಗುಡ್ಡವೇ. ಹಳದಿ ಮೀನುಗಳು ಸಂದಿಯಿಂದ ಸಂದಿಗೆ ನುಗ್ಗಿ ಒಂದನ್ನೊಂದು ಓಡಿಸುತ್ತಿದ್ದವು. “ಇವು ತಪ್ಪಿ ಆಫ್ರಿಕದಾಗ ಹುಟ್ಯಾವ ನೋಡ್ರಿ. ಆನೆಗೊಂದಿ ಕಡೀಗೆ ಹುಟ್ಟಬೇಕಾಗಿತ್ತು,” ಎಂದು ಅಪರೂಪಕ್ಕೆ ತಮಾಷೆ ಮಾಡಿದ್ದರು. ಟಿ.ಬಿ. ಡ್ಯಾಮಿನಲ್ಲಿ ಬಲೆಗೆ ಬೀಳುವ ಜಿಲೇಬಿ ಮೀನೂ ಇದೇ ಕುಲದ್ದು ಎಂದು ಮೊದಲು ಕೇಳಿದ್ದು ಅವರ ಬಾಯಿಂದ.

ಪ್ರತಿ ವರ್ಷ ಹೊಸ ತಂಡಕ್ಕೆ ಅವರ ಮೊದಲ ಪ್ರಾಕ್ಟಿಕಲ್ ಎಂದರೆ ಕಪ್ಪೆಯಲ್ಲ, ಮೀನಿನ ಆಹಾರದ ಪೊಟ್ಟಣ. ಗೋಡೆಯಾಚೆಯಿಂದ ನನಗೆ ಆ ಪಾಠ ಬಾಯಿಪಾಠವಾಗಿತ್ತು. ಪಟ್ಟಿಯಲ್ಲಿ ಮೊದಲು ಬರೆದಿರುವುದೇ ಒಳಗೆ ಎಲ್ಲಕ್ಕಿಂತ ಹೆಚ್ಚು ಇರುತ್ತದೆ; ಮೊದಲ ಜಾಗದಲ್ಲಿ ಗೋಧಿ, ಅಕ್ಕಿ, ತೌಡು ಇದ್ದರೆ ಅದನ್ನು ಕೆಳಗಿಡಿ. ಬೇಟೆಯಾಡುವ ಸಿಕ್ಲಿಡ್‌ಗೆ ಇಡೀ ಮೀನು, ಸೀಗಡಿ ಮೊದಲು ಬರಬೇಕು; ಪಾಚಿ ತಿನ್ನುವ ಸಿಕ್ಲಿಡ್‌ಗೆ ಸ್ಪಿರುಲಿನಾ ಎಂಬ ಹಸಿರು ಪಾಚಿ ಮೊದಲು ಬರಬೇಕು; ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಹೊಟ್ಟೆ ಉಬ್ಬಿ ಸಾಯುತ್ತದೆ. ಗುಳಿಗೆ ಮೀನಿನ ಕಣ್ಣಿಗಿಂತ ದೊಡ್ಡದಿರಬಾರದು. ಬಿಳಿ ಲೋಟದ ನೀರಿಗೆ ನಾಲ್ಕು ಗುಳಿಗೆ ಹಾಕಿ ನೋಡಿ, ನೀರು ಕೆಂಪಾದರೆ ಅದು ಬಣ್ಣ, ಆಹಾರವಲ್ಲ. ಡಬ್ಬಿ ತೆರೆದ ದಿನದಿಂದ ಸತ್ವ ಸೋರುತ್ತ ಹೋಗುತ್ತದೆ, ದೊಡ್ಡ ಪೊಟ್ಟಣದ ಆಸೆಗೆ ಬೀಳಬೇಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಸೋಮವಾರ ಒಪ್ಪೊತ್ತು. “ನಾವು ಬಿಡಲ್ಲೇನು? ಅವೂ ಬಿಡಲಿ. ಕರುಳಿಗೆ ಛಲೋ,” ಎನ್ನುತ್ತಿದ್ದರು.

ಕೊನೆಗೆ ಪೊಟ್ಟಣವನ್ನು ಎತ್ತಿ ಹಿಡಿದು ಹೇಳುತ್ತಿದ್ದ ಮಾತು ಒಂದೇ: “ಮುಂದಿರೋ ಚಿತ್ರ ಮಾರೋರ ಸಲುವಾಗಿ. ಹಿಂದಿರೋ ಅಕ್ಷರ ತಿನ್ನೋರ ಸಲುವಾಗಿ. ಮೀನಿಗೆ ಓದಾಕ ಬರಂಗಿಲ್ಲ, ನಿಮಗ ಬರತೈತಿ.”

ನಮ್ಮ ಕಾಲೇಜಿನ ಅಧ್ಯಕ್ಷರಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿಗಳಿದ್ದವು, ಸಂಡೂರಿನ ಕಡೆ ಅದಿರು ಲಾರಿಗಳಿದ್ದವು. ಅದಿರಿನ ಸಂಭ್ರಮ ಇಳಿದು ಲಾರಿಗಳು ನಿಂತ ಮೇಲೆ ಗಿರಣಿಯ ತೌಡಿನಿಂದ ಮೀನಿನ ಆಹಾರ ಮಾಡುವ ಯೋಚನೆ ಅವರ ತಲೆಗೆ ಹೊಕ್ಕಿತು. ಮೊದಲು ಕೆರೆ ಮೀನಿಗೆ, ಆಮೇಲೆ ಮನೆಯ ತೊಟ್ಟಿಯ ಮೀನಿಗೆ. ಮುಂಬದಿಯಲ್ಲಿ ಹೊಳೆಯುವ ಸಿಕ್ಲಿಡ್ ಚಿತ್ರ, ಹಿಂಬದಿಯಲ್ಲಿ ಪ್ರೋಟೀನಿನ ದೊಡ್ಡ ಅಂಕಿ. ಅಧ್ಯಕ್ಷರ ಕೋಣೆಯಲ್ಲೂ ಒಂದು ತೊಟ್ಟಿಯಿತ್ತು. ಹಣೆ ಉಬ್ಬಿದ, ಅದೃಷ್ಟ ತರುತ್ತದೆನ್ನುವ ಕೆಂಪು ಸಿಕ್ಲಿಡ್ ಒಂದೇ ಒಂದು ಅದರಲ್ಲಿ ತಿರುಗುತ್ತಿತ್ತು. ಅವರು ಕೈ ತೋರಿಸಿದರೆ ಗಾಜಿಗೆ ಮೂತಿ ಹಚ್ಚುತ್ತಿತ್ತು.

ಮಾರಾಟ ಆರಂಭಿಸುವ ಮುಂಚೆ ಕಾಲೇಜಿನಿಂದಲೇ ಒಂದು ಪರೀಕ್ಷಾ ವರದಿ ಬೇಕೆಂದರು. ನನಗೆ ಪ್ರೋಟೀನ್ ಅಳೆಯುವ ಕೆಲಸ, ಮೇಡಂಗೆ ಮೀನಿಗೆ ತಿನ್ನಿಸಿ ನೋಡುವ ಕೆಲಸ. ಆ ವರ್ಷ ಪ್ರಿನ್ಸಿಪಾಲರು ನಿವೃತ್ತರಾಗುವವರಿದ್ದರು. ಸೇವೆಯಲ್ಲಿ ಮೇಡಂ ನನಗಿಂತ ಒಂದು ವರ್ಷ ಹಿರಿಯರು. ಅಧ್ಯಕ್ಷರು ನನ್ನ ಹೆಂಡತಿಯ ಕಡೆಯಿಂದ ದೂರದ ನೆಂಟರು. ಇದಿಷ್ಟನ್ನೂ ಮೊದಲೇ ಹೇಳಿಬಿಡುವುದು ವಾಸಿ.

ಪ್ರೋಟೀನ್ ಅಳೆಯುವ ವಿಧಾನದಲ್ಲಿ ಒಂದು ಕಣ್ಣುಮುಚ್ಚಾಲೆ ಇದೆ. ಅದು ನೇರವಾಗಿ ಪ್ರೋಟೀನನ್ನು ಅಳೆಯುವುದಿಲ್ಲ. ಪದಾರ್ಥದಲ್ಲಿರುವ ನೈಟ್ರೋಜನ್ ಅಳೆದು, ಅದನ್ನು ಗುಣಿಸಿ, ಇಷ್ಟು ಪ್ರೋಟೀನ್ ಎಂದು ಹೇಳುತ್ತದೆ. ತೌಡಿಗೆ ಹೊಲಕ್ಕೆ ಹಾಕುವ ಯೂರಿಯಾ ಬೆರೆಸಿದರೂ ಅಂಕಿ ಏರುತ್ತದೆ. ಗಿರಣಿಯಿಂದ ಬಂದ ಗುಳಿಗೆಯ ಅಂಕಿ ನೋಡಿದ ಕೂಡಲೇ ನನಗೆ ಅನುಮಾನ ಬಂತು. ತೌಡಿಗೆ ಅಷ್ಟು ಯೋಗ್ಯತೆ ಇಲ್ಲ. ಒಂದು ಭಾನುವಾರ ಮಧ್ಯಾಹ್ನ ಲ್ಯಾಬಿಗೆ ಒಬ್ಬನೇ ಹೋಗಿ, ಗುಳಿಗೆಯನ್ನು ಪುಡಿ ಮಾಡಿ ನೀರಲ್ಲಿ ಕದಡಿ, ಒಂದು ಚಿಟಿಕೆ ಹಸಿ ಸೋಯಾ ಹಿಟ್ಟು ಹಾಕಿ, ಬೆಚ್ಚಗೆ ಮಾಡಿದೆ. ಯೂರಿಯಾ ಇದ್ದರೆ ಅಮೋನಿಯಾ ಏಳುತ್ತದೆ. ಎದ್ದಿತು. ಕೆಂಪು ಲಿಟ್ಮಸ್ ನೀಲಿಯಾಯಿತು. ಪ್ರನಾಳವನ್ನು ತೊಳೆದು ಕವುಚಿಟ್ಟು, ಮನೆಗೆ ಬಂದು ಊಟ ಮಾಡಿ ಮಲಗಿದೆ. ನಿದ್ದೆಯೂ ಬಂತು.

ಸೋಮವಾರ ವರದಿ ಬರೆದೆ. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಯಾವ ವಿಧಾನ, ಎಷ್ಟು ಅಂಕಿ, ನನ್ನ ಸಹಿ.

ಮೇಡಂ ಅವಸರ ಮಾಡಲಿಲ್ಲ. ಎಡಗಡೆಯ ತೊಟ್ಟಿಗೆ ಎಂದಿನ ಆಹಾರ, ಬಲಗಡೆಯದಕ್ಕೆ ಅಧ್ಯಕ್ಷರದ್ದು. ಅದೇ ನೀರು, ಅಂಥದೇ ಕಲ್ಲು. ನಾಲ್ಕು ತಿಂಗಳು. ಎರಡನೆಯ ತಿಂಗಳಿಗೆ ಬಲಗಡೆಯ ಮೀನುಗಳ ಬಣ್ಣ ಮಾಸಿತು. ಮೂರನೆಯದರಲ್ಲಿ ಕೆಲವುಗಳ ಹೊಟ್ಟೆ ಉಬ್ಬಿತು, ಕೆಲವುಗಳ ತಲೆಯ ಮೇಲೆ, ಕಣ್ಣಿನ ಹತ್ತಿರ, ಸೂಜಿ ಚುಚ್ಚಿದ ಹಾಗೆ ಗುಳಿ ಬಿದ್ದವು. ಒಂದು ಮುಂಜಾನೆ ನಾನು ಹೋದಾಗ ಅವರು ಗಾಜಿಗೆ ಅಂಗೈ ಹಚ್ಚಿ ನಿಂತಿದ್ದರು.

“ನಿಲ್ಲಿಸಿಬಿಡ್ರಿ ಮೇಡಂ. ಸಾಕಲ್ಲ,” ಎಂದೆ.

“ನಿಲ್ಲಿಸಿದ್ರ ಅವರು ನಾಲ್ಕು ತಿಂಗಳು ಆಗಿಲ್ಲ ಅಂತಾರ. ಅರ್ಧಕ್ಕ ಬಿಟ್ರ ಸತ್ತವು ಸುಮ್ನ ಸತ್ತಂಗ.” ನನ್ನ ಕಡೆ ತಿರುಗದೆ ಕೇಳಿದರು: “ನಿಮ್ಮ ಅಂಕಿ ಎಷ್ಟು ಬಂತು?”

ಹೇಳಿದೆ.

“ತೌಡಿನ್ಯಾಗ ಅಷ್ಟು ಬರತೈತೇನ್ರಿ?”

“ಮೀನಿನ ಪುಡಿನೂ ಹಾಕ್ಯಾರಂತ,” ಎಂದೆ. ಇದು ಮಾತ್ರ ಸುಳ್ಳು. ಹಾಗೆ ಯಾರೂ ನನಗೆ ಹೇಳಿರಲಿಲ್ಲ.

ಸಭೆ ನಡೆದದ್ದು ಅಧ್ಯಕ್ಷರ ಕೋಣೆಯಲ್ಲಿ. ಆಡಳಿತ ಮಂಡಳಿಯ ಐದಾರು ಜನ, ಪ್ರಿನ್ಸಿಪಾಲರು, ನಾವಿಬ್ಬರು. ಮೊದಲು ನನ್ನ ವರದಿ ಓದಿದರು. ಎಲ್ಲರೂ ತಲೆದೂಗಿದರು. ಆಮೇಲೆ ಮೇಡಂ ಎದ್ದು ತಮ್ಮ ವರದಿಯ ಜೊತೆ ಒಂದು ಗಾಜಿನ ಜಾಡಿಯನ್ನು ಮೇಜಿನ ಮೇಲಿಟ್ಟರು. ಫಾರ್ಮಾಲಿನ್‌ನಲ್ಲಿ ಒಂದು ಸಿಕ್ಲಿಡ್ ನಿಂತಿತ್ತು, ಹಳದಿ ಹೋಗಿ ಬೆಳ್ಳಗಾಗಿ, ತಲೆಯ ಮೇಲೆ ಗುಳಿ ಬಿದ್ದು.

“ಇದನ್ನ ತಗೀರಿ ಮೇಡಂ. ಊಟದ ಹೊತ್ತು,” ಎಂದರು ಅಧ್ಯಕ್ಷರು.

ಮೇಡಂ ತೆಗೆಯಲಿಲ್ಲ. ನನ್ನ ಕಡೆ ತಿರುಗಿದರು. ಧ್ವನಿ ಏರಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹುಡುಗಿಯರನ್ನು ಕೇಳುವ ಧ್ವನಿ ಅದು.

“ಸರ್, ನೀವು ಅಳತಿ ಮಾಡಿದ್ದು ಪ್ರೋಟೀನೋ, ನೈಟ್ರೋಜನ್ನೋ?”

ಆ ಕೋಣೆಯಲ್ಲಿ ಆ ಪ್ರಶ್ನೆ ಅರ್ಥವಾಗುವವರು ನಾವಿಬ್ಬರೇ ಇದ್ದೆವು. ಭಾನುವಾರದ ಲಿಟ್ಮಸ್ ಕಾಗದದ ಬಗ್ಗೆ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬರುವುದಿರಲಿಲ್ಲ.

“ವಿಧಾನನ ಹಂಗೈತ್ರಿ ಮೇಡಂ. ಎಲ್ಲಾ ಕಡೆ ಹಂಗ ಮಾಡೋದು,” ಎಂದೆ.

ಅವರು ನನ್ನನ್ನು ನೋಡಿದರು. ಬಹಳ ಹೊತ್ತೇನಲ್ಲ. ಆಮೇಲೆ ಮೂಲೆಯ ತೊಟ್ಟಿಯ ಕಡೆ ಬೆರಳು ತೋರಿಸಿ ಅಧ್ಯಕ್ಷರನ್ನು ಕೇಳಿದರು: “ಆ ಮೀನಿಗೆ ನೀವು ಯಾವ ಡಬ್ಬಿ ಹಾಕ್ತೀರಿ ಸರ್?”

ತೊಟ್ಟಿಯ ಕೆಳಗಿನ ಖಾನೆಯಲ್ಲಿ ವಿದೇಶದ ಡಬ್ಬಿಯಿರುವುದು ಕಸ ಗುಡಿಸುವವರಿಗೂ ಗೊತ್ತಿತ್ತು. ಅಧ್ಯಕ್ಷರ ಕಿವಿ ಕೆಂಪಾಯಿತು. “ನಿಮ್ಮ ವರದಿ ಇಟ್ಟು ಹೋಗ್ರಿ,” ಎಂದರು.

ಮೇಡಂ ಜಾಡಿ ಎತ್ತಿಕೊಂಡು ಹೊರಟರು. ಬಾಗಿಲು ಇನ್ನೂ ಮುಚ್ಚಿರಲಿಲ್ಲ, ಅಧ್ಯಕ್ಷರು ಹೇಳಿದರು: “ಮೀನು ಹಿಡಿಯೋರ ಮಗಳು, ಮೀನಿಗೆ ಏನು ತಿನ್ನಸಬೇಕಂತ ನಮಗ ಹೇಳಾಕ ಬಂದಾಳ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಗಿಲಾಚೆ ಅವರ ಚಪ್ಪಲಿಯ ಸದ್ದು ಒಮ್ಮೆ ನಿಂತು, ಮತ್ತೆ ಮುಂದೆ ಹೋಯಿತು.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ನಾನು ಪ್ರಿನ್ಸಿಪಾಲನಾದೆ. ಮೇಡಂ ಅವರನ್ನು ಇದೇ ಸಂಸ್ಥೆಯ ಸಂಡೂರಿನ ಹೈಸ್ಕೂಲಿಗೆ, ಎಂಟನೆಯ ತರಗತಿಗೆ ವಿಜ್ಞಾನ ಹೇಳಲು ಕಳಿಸಿದರು. ಆ ಆದೇಶದ ಕೆಳಗೆ ಇದ್ದದ್ದು ನನ್ನದೇ ಸಹಿ, ಪ್ರಿನ್ಸಿಪಾಲನಾಗಿ ನಾನು ಹಾಕಿದ ಮೊದಲ ಸಹಿಗಳಲ್ಲಿ ಒಂದು. ಮೇಡಂ ಹೊರಟ ವಾರದಲ್ಲೇ ಆಡಳಿತ ಮಂಡಳಿಯವರು ತೊಟ್ಟಿಗಳನ್ನು ಖಾಲಿ ಮಾಡಿಸಿದರು, ಜಾಗ ಬೇಕೆಂದು. ಎಡಗಡೆಯ ತೊಟ್ಟಿಯ ಬದುಕಿದ್ದ ಮೀನುಗಳನ್ನು ಬಕೀಟಿನಲ್ಲಿ ತುಂಬಿಕೊಂಡು ಮನೆಗೆ ಹೋದವಳು ಬಿ.ಎಸ್ಸಿ. ಕೊನೆಯ ವರ್ಷದ ಒಬ್ಬ ಹುಡುಗಿ. ಈಗ ಬಸ್‌ಸ್ಟ್ಯಾಂಡ್ ಹಿಂದೆ ಅಂಗಡಿ ಇಟ್ಟಿರುವವಳು ಅವಳೇ. ಬಲಗಡೆಯ ತೊಟ್ಟಿಯಲ್ಲಿ ಉಳಿದದ್ದು ಕಲ್ಲು ಮಾತ್ರ.

ಗುಳಿಗೆಯ ಪೊಟ್ಟಣ ಪೇಟೆಗೆ ಬಂತು. ಹಿಂಬದಿಯಲ್ಲಿ ಅಂಕಿಯ ಕೆಳಗೆ, ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಪರೀಕ್ಷಿಸಲಾಗಿದೆ ಎಂದು ಅಚ್ಚಾಗಿತ್ತು. ಅದನ್ನು ನೋಡಿದಾಗೆಲ್ಲ ಆ ಅಕ್ಷರಗಳ ಕೆಳಗೆ ಒಂದು ಉಗುರು ಸಾಗುತ್ತಿರುವುದು ನನಗೆ ಕಾಣುತ್ತಿತ್ತು. ಎರಡು ಮೂರು ವರ್ಷ ಮಾರಿದರು. ಜನರ ತೊಟ್ಟಿಗಳಲ್ಲಿ ಮೀನು ಸತ್ತವು. ಜನ ನೀರನ್ನು ಬೈದರು, ಕರೆಂಟನ್ನು ಬೈದರು, ಹೊಸ ಮೀನು ತಂದರು. ಆಮೇಲೆ ಅಧ್ಯಕ್ಷರಿಗೇ ಬೇಸರವಾಗಿ ಅದನ್ನು ನಿಲ್ಲಿಸಿ ಕಲ್ಯಾಣ ಮಂಟಪ ಕಟ್ಟಿಸಿದರು. ಅವರಿಗೆ ಏನೂ ಆಗಲಿಲ್ಲ. ನನಗೂ ಏನೂ ಆಗಲಿಲ್ಲ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದರು.

ಮೇಡಂ ಆರು ವರ್ಷ ಸಂಡೂರಿಗೆ ಓಡಾಡಿದರು. ಬೆಳಿಗ್ಗೆ ಕಂಪ್ಲಿಯಿಂದ ಹೊಸಪೇಟೆ, ಅಲ್ಲಿಂದ ಇನ್ನೊಂದು ಬಸ್ಸು. ಸಂಜೆ ಅದೇ ದಾರಿ ವಾಪಸು. ಒಂದು ಸಂಜೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಅವರು ಇಳಿಯುವುದನ್ನು ಕಂಡೆ. ಸೀರೆಯ ಅಂಚು, ಹಿಮ್ಮಡಿ, ಬ್ಯಾಗು ಎಲ್ಲ ಅದಿರಿನ ಕೆಂಪು ಧೂಳು. ತಲೆಗೂದಲು ಪೂರ್ತಿ ನೆರೆತಿತ್ತು. ನಾನು ಪೇಪರ್ ಅಂಗಡಿಯ ಬದಿಗೆ ಸರಿದು, ಬೇಡದ ವಾರಪತ್ರಿಕೆಯೊಂದನ್ನು ಮುಖದ ಮುಂದೆ ಹಿಡಿದೆ. ಅವರು ಕಂಪ್ಲಿ ಬಸ್ಸಿನ ಕಡೆ ಹೋಗುತ್ತ ಹೋಗುತ್ತ ಆ ಪೇಪರ್ ಅಂಗಡಿಯ ಮುಂದೆ ನಿಂತರು. ಪತ್ರಿಕೆಯ ಕೆಳಗಿನಿಂದ ಅವರ ಕೆಂಪಾದ ಪಾದಗಳು ಕಾಣುತ್ತಿದ್ದವು. ನಾನು ಕೈ ಇಳಿಸಲಿ ಎಂದು ಕಾದರೋ, ಬಸ್ಸಿಗೆ ಕಾದರೋ, ಗೊತ್ತಿಲ್ಲ. ಕಂಡಕ್ಟರ್ “ಕಂಪ್ಲಿ, ಕಂಪ್ಲಿ” ಎಂದು ಕೂಗಿದ. ಪಾದಗಳು ಹೋದವು.

ಕಳೆದ ತಿಂಗಳು ಆ ಮೀನಿನ ಅಂಗಡಿಯ ಹೆಣ್ಣುಮಗಳು ಈ ಯಾವುದನ್ನೂ ಎತ್ತಲಿಲ್ಲ. ಆಹಾರದ ಪೊಟ್ಟಣವನ್ನು ಕಾಗದದಲ್ಲಿ ಸುತ್ತಿಕೊಟ್ಟು ಇಷ್ಟೇ ಹೇಳಿದಳು: “ಮೇಡಂ ಸಂಡೂರಿನಿಂದ ಬರುವಾಗ ಇಲ್ಲಿ ಇಳದು ಎಲ್ಲಾ ಡಬ್ಬಿ ಹಿಂದ ಮುಂದ ಮಾಡಿ ನೋಡ್ತಿದ್ರು ಸರ್. ಇದು ಇಡು, ಇದು ವಾಪಸ್ ಕಳಸು ಅಂತ. ಕಡೀ ವರ್ಷ ಕಣ್ಣು ಸರಿ ಕಾಣ್ತಿದ್ದಿಲ್ಲ. ನಾನು ಓದ್ತಿದ್ದೆ, ಅವರು ಕೇಳ್ತಿದ್ರು.”

ಮರುದಿನವೇ ಕಂಪ್ಲಿಗೆ ಹೋದೆ. ಬದುಕಿದ್ದಾಗ ಅರ್ಧ ದಿನದ ದಾರಿಯೂ ಅಲ್ಲದ ಊರಿಗೆ ಕಾಲಿಡಲಿಲ್ಲ, ಸತ್ತ ಮೇಲೆ ಬಸ್ಸು ಹತ್ತಿದೆ. ಕಬ್ಬಿನ ಗದ್ದೆ, ಕಾಲುವೆ, ಗಿರಣಿಗಳ ಚಿಮಣಿ ದಾಟಿ ಇಳಿದು, ಕೇಳುತ್ತ ಕೇಳುತ್ತ ಹೊಳೆಯ ದಂಡೆಯ ಓಣಿಗೆ ಬಂದೆ. ಅವರ ತಮ್ಮ ಕಟ್ಟೆಯ ಮೇಲೆ ಕುಳಿತು ಬಲೆ ಹೆಣೆಯುತ್ತಿದ್ದ. ಅಕ್ಕನದೇ ಎತ್ತರ, ಅದೇ ಗದ್ದ.

“ಬರ್ರಿ, ಕುಂದ್ರಿ,” ಎಂದು ಜಾಗ ಮಾಡಿದ. “ಯಾರು ನೀವು?”

“ನಿಮ್ಮ ಅಕ್ಕಾರ ಜೋಡಿ ಕಾಲೇಜಿನ್ಯಾಗ ಇದ್ದೆ. ಕೆಮಿಸ್ಟ್ರಿ.”

ಅವನ ಕೈ ನಿಂತಿತು. ದಾರದ ಎಳೆಯನ್ನು ಹಲ್ಲಿನಿಂದ ಕಡಿದು ಮೊಣಕಾಲ ಮೇಲಿಟ್ಟ.

ಅವರಿಗೆ ಏನಾಗಿತ್ತು ಎಂದು ಕೇಳಿದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡ, ಒಂದು ವರ್ಷ ನರಳಿದರು ಎಂದ. ಹೇಳಲು ಬಂದದ್ದನ್ನು ಕೊನೆಗೆ ಹೇಳಿದೆ. ಇಷ್ಟು ವರ್ಷ ಹೆಂಡತಿಗೂ ಹೇಳದೆ ಇದ್ದದ್ದು, ಆ ಕಟ್ಟೆಯ ಮೇಲೆ ಸಲೀಸಾಗಿ ಹೊರಗೆ ಬಂತು.

“ಆ ಗುಳಿಗಿಯೊಳಗ ಯೂರಿಯಾ ಇತ್ತಪ. ನನಗ ಮೊದಲ ಗೊತ್ತಿತ್ತು.”

“ಅಕ್ಕಗೂ ಗೊತ್ತಿತ್ತುರಿ.”

“ಯೂರಿಯಾ ಇದ್ದದ್ದಾ?”

“ನಿಮಗ ಗೊತ್ತಿದ್ದದ್ದು.” ಅವನು ಹೊಳೆಯ ಕಡೆ ನೋಡುತ್ತ ಹೇಳಿದ. “ಅಷ್ಟು ಓದಿದವರಿಗೆ ತಿಳೀದ ಇರಂಗಿಲ್ಲ ಅಂತಿದ್ಲು. ಒಂದಿನ ಬರ್ತಾರ ಅಂತನೂ ಅಂತಿದ್ಲು. ಭಾಳ ವರ್ಷ ಅಂದ್ಲು. ಅವರು ಬಂದು ಏನು ಹೇಳಬೇಕು ಅಂತೀಯಕ್ಕಾ ಅಂತ ನಾನ ಕೇಳೀನಿ. ಏನೂ ಹೇಳೋದು ಬ್ಯಾಡ, ಬಂದು ಕುಂತು ಒಂದು ಚಾ ಕುಡದು ಹೋದ್ರ ಸಾಕು ಅಂದ್ಲು.”

ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅವನ ಹೆಂಡತಿ ಬಾಗಿಲಿಗೆ ಬಂದು ನನ್ನನ್ನೂ ಅವನನ್ನೂ ನೋಡಿ, ಚಹಾಕ್ಕೆ ಇಡಲೇ ಎನ್ನುವ ಹಾಗೆ ಕಣ್ಣಲ್ಲೇ ಕೇಳಿದಳು. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಅವಳು ಒಳಗೆ ಹೋದಳು.

ಅವನು ಮತ್ತೆ ಬಲೆಯನ್ನು ಮೊಣಕಾಲ ಮೇಲೆ ಎಳೆದುಕೊಂಡು, ಹರಿದ ಕಣ್ಣನ್ನು ಹುಡುಕುತ್ತ, ಸಿಟ್ಟಿಲ್ಲದ ಧ್ವನಿಯಲ್ಲಿ ಹೇಳಿದ:

“ಅಕ್ಕ ಇದ್ದಿದ್ರ ಚಾ ಕೊಡ್ತಿದ್ಲುರಿ. ನನ್ನ ಕೈಲಿ ಆಗಂಗಿಲ್ಲ.”